ಪ್ರಿಟೋರಿಯಾಕ್ಕೆ ಬರುವ ಮುಂಚೆ ಒಂದು ನಾಟಕದ ವಿಷಯ

ದಕ್ಷಿಣ ಆಫ್ರಿಕಾಕ್ಕೆ ಕೆಲಸಕ್ಕೆ ಬರುವ ಮುಂಚೆ ನೀವು ಕೇಳಿದ್ದು ಮೂರು ಪ್ರಶ್ನೆ. ಪ್ರಿಟೋರಿಯಾ ಪಕ್ಕದ ಸೆಂಚುರಿಯನ್‌ನಲ್ಲಿ ಮನೆ ಸಿಗುತ್ತಾ, ಆಫ್ರಿಕಾನ್ಸ್ ಕಲಿಯಬೇಕಾ, ಟೀಮಿನಲ್ಲಿ ಎಲ್ಲರೂ ಆಫ್ರಿಕಾನರ್‌ಗಳಂತೆ (ಹೆಚ್ಚಾಗಿ ಡಚ್ ಮೂಲದ, ಆಫ್ರಿಕಾನ್ಸ್ ಮಾತಾಡುವ ಬಿಳಿಯರು), ಅವರ ಜೊತೆ ರಾಜಕೀಯ ಮಾತಾಡಬಹುದಾ.

ಮೊದಲ ಎರಡಕ್ಕೆ ಬೇಗ ಹೇಳಿಬಿಡುತ್ತೇನೆ. ಮನೆ ಸಿಗುತ್ತದೆ. ಗೇಟು, ಕಾವಲು ಇರುವ ಕಡೆ ನೋಡಿ. ಕಾರು ಬೇಕೇ ಬೇಕು. ಭಾಷೆ ಬರದಿದ್ದರೂ ಕೆಲಸ ನಡೆಯುತ್ತದೆ, ಆದರೆ ಅಂಗಡಿಯಲ್ಲಿ ಒಂದು "ದಾಂಕಿ" (ಧನ್ಯವಾದ) ಅಂದು ನೋಡಿ, ಎದುರಿನವರ ಮುಖವೇ ಬೇರೆಯಾಗುತ್ತದೆ.

ಮೂರನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಆಫ್ರಿಕಾನರ್‌ಗಳೆಲ್ಲ ಒಂದೇ ಅಚ್ಚು ಅಂತ ನಾನೂ ಅಂದುಕೊಂಡೇ ಬಂದವನು. ಅದನ್ನು ಬಿಡಿಸಿದ್ದು ಪಕ್ಕದ ಮನೆಯ ಅಜ್ಜಿ. ಇಲ್ಲಿ ಹಿರಿಯ ಹೆಂಗಸರನ್ನು "ಟಾನಿ" ಅನ್ನುತ್ತಾರೆ. ಒಂದು ಸಂಜೆ ಕಾಫಿಗೆ ಕರೆದು, ಗಟ್ಟಿ ರಸ್ಕ್ ತಟ್ಟೆಯ ಪಕ್ಕ ಒಂದು ಹಳೇ ಪುಸ್ತಕ ಇಟ್ಟರು. ಬೆನ್ನು ಬಿಟ್ಟುಹೋಗಿತ್ತು. ಅಂಚಿನ ತುಂಬ ಪೆನ್ಸಿಲ್ ಗೆರೆ.

ಅದು ಎನ್.ಪಿ. ಫಾನ್ ವೈಕ್ ಲೋ ಬರೆದ ನಾಟಕ, "ಡಿ ಪ್ಲೇಮ್‌ಸಾಟ್ ವಾಯ್ ಫೆರ್". ಗರಿಬೀಜ ದೂರ ಹಾರುತ್ತದೆ ಅಂತ ಅರ್ಥ. ನಮ್ಮಲ್ಲಿ ಎಕ್ಕದ ಕಾಯಿ ಒಡೆದಾಗ ಬಿಳಿ ಕೂದಲಿನ ಬೀಜ ಗಾಳಿಗೆ ಹಾರುತ್ತದಲ್ಲ, ಹಾಗೆ.

1966ರಲ್ಲಿ ಇಲ್ಲಿನ ಗಣರಾಜ್ಯಕ್ಕೆ ಐದು ವರ್ಷ ತುಂಬಿತ್ತು. ಹಬ್ಬಕ್ಕೆಂದೇ ಈ ನಾಟಕ ಬರೆಸಿದರು. ಲೋ ದೊಡ್ಡ ಕವಿ, ಆಫ್ರಿಕಾನರ್ ಚಳವಳಿಯ ಒಳಗಿನವರು. 1938ರಲ್ಲಿ ಆಫ್ರಿಕಾನರ್ ಪೂರ್ವಜರು ಒಳನಾಡಿಗೆ ಹೋದ ಮಹಾವಲಸೆಯ (ಗ್ರೇಟ್ ಟ್ರೆಕ್) ಶತಮಾನೋತ್ಸವಕ್ಕೂ ಅವರೇ ನಾಟಕ ಬರೆದುಕೊಟ್ಟಿದ್ದರು. ಈ ಸಲವೂ ಜೈಕಾರ ಬರುತ್ತದೆ ಅಂತ ಎಲ್ಲರೂ ಕಾದರು. ಪರದೆ ಎದ್ದಾಗ ಒಬ್ಬ ಮುದುಕಿ ಕೇಳುತ್ತಾಳೆ: "ಫೋಲ್ಕ್ ಅಂದರೆ ಏನು?"

ಫೋಲ್ಕ್ ಅಂದರೆ ಜನಾಂಗ, ನಾಡಿನ ಮಂದಿ. ಆಫ್ರಿಕಾನರ್ ರಾಜಕೀಯ ನಿಂತಿದ್ದೇ ಆ ಒಂದು ಪದದ ಮೇಲೆ. ಅದರ ಅರ್ಥ ಏನು ಅಂತ ಹಬ್ಬದ ದಿನ ಕೇಳಿದರೆ ಹೇಗಿರಬೇಡ!

ಕಥೆ 1899ರಿಂದ 1902ರವರೆಗಿನ ಬೋಯರ್ ಯುದ್ಧದ್ದು, ಅಂದರೆ ಬ್ರಿಟಿಷರಿಗೂ ಬೋಯರ್‌ಗಳಿಗೂ (ಆಫ್ರಿಕಾನರ್ ರೈತರು) ನಡೆದದ್ದು. ನಡುವೆ ನಿಲ್ಲುವವನು ಫ್ರೀ ಸ್ಟೇಟ್ ಅನ್ನುವ ಬೋಯರ್ ಗಣರಾಜ್ಯದ ಅಧ್ಯಕ್ಷ ಸ್ಟೇಯ್ನ್, ಕಾಯಿಲೆ ಬಿದ್ದರೂ ಬಗ್ಗದವನು. ಅವನ ಸುತ್ತ ವೀರರೂ ಇದ್ದಾರೆ, ಸುಸ್ತಾದವರೂ ಇದ್ದಾರೆ, ಬ್ರಿಟಿಷರ ಕಡೆ ದಾಟಿದವರೂ ಇದ್ದಾರೆ. ಶರಣಾದವರಿಗೆ ಇಲ್ಲಿ "ಹೆನ್ಸಾಪರ್" ಅನ್ನುತ್ತಾರೆ, ಇಂಗ್ಲಿಷಿನ "ಹ್ಯಾಂಡ್ಸ್ ಅಪ್" ಹೀಗಾಗಿದೆ. ಜನರಲ್ ಕ್ರಿಸ್ಟಿಯಾನ್ ಡಿ ವೆಟ್ ಕೊನೆವರೆಗೂ ಕಾದಿದ. ಅವನ ಸ್ವಂತ ತಮ್ಮ ಪೀಟ್ ಶರಣಾಗಿ ಆ ಕಡೆ ಸೇರಿದ.

ಹೆನ್ಸಾಪರ್ ಅನ್ನುವ ಪದ ಬಂದಾಗ ಟಾನಿ ದನಿ ತಗ್ಗಿಸಿದರು. ಮನೆಯಲ್ಲಿ ನಾವಿಬ್ಬರೇ ಇದ್ದೆವು, ಆದರೂ. ಅವರ ಅಜ್ಜ ಹೆನ್ಸಾಪರ್ ಅಂತೆ. ಮನೆಯಲ್ಲಿ ಅವನ ಫೋಟೋ ಹಾಕಿರಲಿಲ್ಲವಂತೆ. ಬ್ರಿಟಿಷರು ಕೂಡಿಹಾಕಿದ ಶಿಬಿರಗಳಲ್ಲಿ 26,000ಕ್ಕೂ ಜಾಸ್ತಿ ಬೋಯರ್ ಹೆಂಗಸರು, ಮಕ್ಕಳು ಸತ್ತ ಯುದ್ಧ ಅದು. ಆ ನೋವಿನ ಮೇಲೆ ಕಟ್ಟಿದ ಕಥೆಯಲ್ಲಿ ಇಂಥ ಅಜ್ಜಂದಿರಿಗೆ ಜಾಗ ಎಲ್ಲಿ? ಇಂಥವರನ್ನೇ ಲೋ ರಂಗದ ಮೇಲೆ ತಂದು ನಿಲ್ಲಿಸಿದರು.

ಪ್ರಧಾನಿ ವರ್ವೂರ್ಡ್‌ಗೆ ಸಿಟ್ಟು ಬಂತು. ಮೇ 31, ಗಣರಾಜ್ಯ ದಿನದ ಭಾಷಣದಲ್ಲೇ ಕುಟುಕಿದರು. ಫೋಲ್ಕ್ ಅಂದರೆ ಏನು ಅಂತ ಕೇಳುವವರು ಬೇಡ, ನಮ್ಮ ಸಾಧನೆಯನ್ನು ಹಾಡುವವರು ಬೇಕು ಅನ್ನುವ ಧಾಟಿ. ತಮಾಷೆ ಏನು ಗೊತ್ತಾ? ವರ್ವೂರ್ಡ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಎರಡು ವರ್ಷದ ಕೂಸಾಗಿ ಇಲ್ಲಿಗೆ ಬಂದವರು. ಬೈಸಿಕೊಂಡ ಕವಿ ಹುಟ್ಟಿದ್ದು ಇಲ್ಲಿಯ ಸದರ್ಲೆಂಡ್‌ನಲ್ಲಿ, ಆದರೆ 1950ರ ದಶಕದಲ್ಲಿ ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ವಲಸೆ ಬಂದವನು ಊರಿನವನಿಗೆ ಊರಭಿಮಾನದ ಪಾಠ ಹೇಳಿದಂತಾಯಿತು. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ವರ್ವೂರ್ಡ್‌ರನ್ನು ಸಂಸತ್ತಿನಲ್ಲೇ ಇರಿದು ಕೊಂದರು. ಲೋ 1970ರಲ್ಲಿ ತೀರಿಕೊಂಡರು, ನಾಟಕ ಪುಸ್ತಕವಾಗಿದ್ದು 1972ರಲ್ಲಿ.

ಹಾಗಂತ ಲೋ ಅವರನ್ನು ದೊಡ್ಡ ಬಂಡಾಯಗಾರ ಮಾಡಬೇಡಿ. ಮನೆಯೊಳಗೇ ಇದ್ದು ಜಗಳ ಮಾಡಿದವರು. ಅವರದೇ ಮಾತಲ್ಲಿ "ನಿಷ್ಠೆಯ ಪ್ರತಿರೋಧ". ಮತ್ತೆ, ಫೋಲ್ಕ್ ಅಂದರೆ ಏನು ಅಂತ ಕೇಳಿದ ಹಾಲ್‌ನಲ್ಲಿ ಕೂತಿದ್ದು ಯಾರು? 1965ರಲ್ಲೇ ಬೇರೆ ಬೇರೆ ಬಣ್ಣದವರು ಒಟ್ಟಿಗೆ ಕೂತು ನಾಟಕ ನೋಡುವುದನ್ನು ಸರ್ಕಾರ ನಿಲ್ಲಿಸಿತ್ತು. ಕರಿಯರಿಗೆ, ನಮ್ಮಂಥವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಇದನ್ನು ಟಾನಿಗೆ ಹೇಳಿದೆ. ಅವರು ತಕ್ಷಣ ಏನೂ ಅನ್ನಲಿಲ್ಲ. ಇನ್ನೊಂದು ಕಪ್ ಕಾಫಿ ಹಾಕಿದರು. ಆಮೇಲೆ "ನಾವು ಯಾರೂ ಸುತ್ತ ತಿರುಗಿ ನೋಡಲಿಲ್ಲ" ಅಂದರು.

ಅಂದರೆ, ರಾಜಕೀಯ ಮಾತಾಡಬಹುದು. ಬಂದ ವಾರವೇ ಬೇಡ. ಊಟದ ಹೊತ್ತಿಗೆ "ನೀವೆಲ್ಲ ಹೀಗೇ ಅಲ್ವಾ" ಅಂತ ಶುರು ಮಾಡಬೇಡಿ. ಟೀಮಿನಲ್ಲಿ ಐದು ಜನ ಇದ್ದರೆ ಐದು ಥರದ ಅಜ್ಜಂದಿರು. ಅಜ್ಜನ ಕಥೆ ಕೇಳಿ, ಉಳಿದದ್ದು ತಾನಾಗೇ ಬರುತ್ತದೆ.

ಮೊದಲ ಶನಿವಾರ ಮೆಲ್ರೋಸ್ ಹೌಸ್‌ಗೆ ಹೋಗಿ. ಬರ್ಗರ್ಸ್ ಪಾರ್ಕ್ ಎದುರಿಗೇ ಇದೆ. ಯುದ್ಧ ಮುಗಿಸಿದ ಒಪ್ಪಂದಕ್ಕೆ 1902ರ ಮೇ 31ಕ್ಕೆ ಸಹಿ ಬಿದ್ದದ್ದು ಅಲ್ಲೇ. ಗಣರಾಜ್ಯ ಮಾಡಿದ್ದೂ ಅದೇ ತಾರೀಖಿಗೆ. ಸುಮ್ನೆ ಅಲ್ಲ ಅದು.

ಇನ್ನೊಂದು. ನೀವು ಬಳ್ಳಾರಿಯವರು ಅಂದಿರಲ್ಲ. ಬ್ರಿಟಿಷರು ಹಿಡಿದ ಬೋಯರ್ ಸೆರೆಯಾಳುಗಳಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಿದ್ದರು. ಅವರನ್ನಿಟ್ಟ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. ನಾನು ಕರ್ನಾಟಕ ಅಂದಾಗ ಟಾನಿಗೆ ಗೊತ್ತಾಗಲಿಲ್ಲ, ಬೆಂಗಳೂರು ಅಂದರೆ ಕಾಲ್ ಸೆಂಟರ್ ಅಂದರು. ಬಳ್ಳಾರಿ ಅಂದರೆ ಮಾತ್ರ ಗೊತ್ತು. ನೀವು ಬರುತ್ತೀರಿ ಅಂತ ನಿನ್ನೆ ಹೇಳಿದ್ದೇನೆ. ಅಲ್ಲಿ ಬಿಸಿಲು ಎಷ್ಟಿರುತ್ತದೆ ಅಂತ ಕೇಳಿದರು. ಅದನ್ನು ನೀವೇ ಹೇಳಿ.