ಕೇಳಿದ್ದಕ್ಕೆ ಹೇಳ್ದೆ: ಹಾರುವ ಓತಿ, ಖಾಲಿ ಗೋಡೆ, ತೇಲುವ ಕಪ್ಪೆ

ಪ್ರ: ನಿಮ್ಮ ಫೇವರಿಟ್ ಕಾದಂಬರಿ ಯಾವ್ದು? ಒಂದೇ ಒಂದು ಹೇಳ್ಬೇಕು, ಜಾರ್ಕೋಬಾರ್ದು.

ಉ: ಆ ಕಾದಂಬರೀಲಿ ನಂಗೆ ಜಾಸ್ತಿ ಇಷ್ಟ ಆಗೋದೇ ಜಾರ್ಕೊಳ್ಳೋ ಭಾಗ ಮಾರಾಯ್ರೆ. ತೇಜಸ್ವಿ ಅವರ ಕರ್ವಾಲೊ, 1980ರಲ್ಲಿ ಬಂದಿದ್ದು. ಸಣ್ಣ ಪುಸ್ತಕ, ಪಟ್ಟು ಹಿಡಿದು ಕೂತ್ರೆ ಒಂದೇ ದಿನಕ್ಕೆ ಮುಗಿಯುತ್ತೆ, ಆದ್ರೂ ಎಷ್ಟನೇ ಸಲ ಓದ್ತಿದೀನಿ ಅನ್ನೋ ಲೆಕ್ಕ ಯಾವತ್ತೋ ತಪ್ಪಿಹೋಗಿದೆ. ಊರವರ ಕಣ್ಣಿಗೆ ಕೆಲ್ಸಕ್ಕೆ ಬಾರದವನಾದ, ಮದುವೆ ಮದುವೆ ಅಂತ ಒದ್ದಾಡೋ ಮಂದಣ್ಣನನ್ನ ಅಷ್ಟು ಓದಿದ ವಿಜ್ಞಾನಿ ಕರ್ವಾಲೊ ಹುಟ್ಟು ನ್ಯಾಚುರಲಿಸ್ಟ್ ಅಂತ ಗೌರವದಿಂದ ನೋಡ್ತಾರಲ್ಲ, ಅಲ್ಲೇ ನಾನು ಬಿದ್ದುಹೋದೆ. ಕೊನೇಲಿ ಎಲ್ಲಾ ಸೇರ್ಕೊಂಡು ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ, ಅದು ಕಣ್ಣಿಗೆ ಬಿದ್ದೂ ಬೀಳುತ್ತೆ, ಇನ್ನೇನು ಸಿಕ್ತು ಅನ್ನೋವಷ್ಟರಲ್ಲಿ ಕಣಿವೆಗೆ ಹಾರಿ ತೇಲ್ಕೊಂಡು ಹೋಗ್ಬಿಡುತ್ತೆ. ಹಿಡಿದು ಬಾಟ್ಲಿಗೆ ಹಾಕಿಬಿಟ್ಟಿದ್ರೆ ನಾನು ಎರಡನೇ ಸಲ ಓದ್ತಾ ಇರ್ಲಿಲ್ಲ. ಅಂದಹಾಗೆ ಈ ಓತಿ ಕಟ್ಟುಕತೆ ಅಲ್ಲ, ಡ್ರಾಕೊ ಅಂತಾರೆ, ಪಶ್ಚಿಮ ಘಟ್ಟದ ಕಾಡಲ್ಲಿ ಇದೆ, ಪಕ್ಕೆಲುಬು ಅಗಲಿಸಿ ಚರ್ಮಾನ ಕೊಡೆ ಥರ ಬಿಚ್ಕೊಂಡು ಮರದಿಂದ ಮರಕ್ಕೆ ತೇಲುತ್ತೆ. ಕ್ಲೈಮ್ಯಾಕ್ಸ್ ಹೇಳ್ಬಿಟ್ರಿ ಅಂತ ಬೈಬೇಡಿ, ನಲವತ್ತು ವರ್ಷ ದಾಟಿದ ಪುಸ್ತಕಕ್ಕೆ ಸ್ಪಾಯ್ಲರ್ ಕಾನೂನು ಅನ್ವಯ ಆಗಲ್ಲ.

ಪ್ರ: ಮಲೆಗಳಲ್ಲಿ ಮದುಮಗಳು ದಪ್ಪ ನೋಡೇ ಹೆದರಿ ಇಟ್ಬಿಟ್ಟಿದೀನಿ. ಏನಾದ್ರೂ ಉಪಾಯ?

ಉ: ನಾನೂ ಎರಡು ಸಲ ಅರ್ಧಕ್ಕೇ ಬಿಟ್ಟವನೇ, ಯಾರು ಯಾರಿಗೆ ಏನಾಗ್ಬೇಕು ಅಂತ ನೆನಪಿಟ್ಕೊಳ್ಳೋದೇ ಒಂದು ಕೆಲ್ಸ ಆಗಿತ್ತು. ಮೂರನೇ ಸಲ ಹೀರೋ ಯಾರು ಅಂತ ಹುಡುಕೋದು ನಿಲ್ಲಿಸ್ದೆ, ಆಮೇಲೆ ಸರಾಗ ಆಯ್ತು. ಇಲ್ಲಿ ಯಾರೂ ಮುಖ್ಯರಲ್ಲ ಅಂತ ಕುವೆಂಪು ಶುರುವಲ್ಲೇ ಹೇಳಿದಾರೆ, ನಾವೇ ಓದಿ ಮರೀತೀವಿ. ಗುತ್ತಿಯ ನಾಯಿ ಹುಲಿಯನ ಹಿಂದೆ ಸುಮ್ನೆ ನಡ್ಕೊಂಡು ಹೋಗಿ, ಸಾಕು.

ಪ್ರ: ಶರಪಂಜರ ಕಾದಂಬರಿ ಚೆನ್ನಾಗಿದೆಯೋ ಸಿನಿಮಾನೋ? ಮನೇಲಿ ಬೆಟ್ ಕಟ್ಟಿದೀವಿ.

ಉ: ಕಥಾನಾಯಕಿ ಕಾವೇರಿ ಅಂದ ತಕ್ಷಣ ಕಲ್ಪನಾ ಮುಖಾನೇ ಕಣ್ಮುಂದೆ ಬರುತ್ತೆ ಅಂದ್ಮೇಲೆ 1971ರ ಸಿನಿಮಾ ಸೋತಿದೆ ಅನ್ನೋಕಾಗಲ್ಲ, ಪುಟ್ಟಣ್ಣ ಕಣಗಾಲ್ ಸುಮ್ನೆ ಅಲ್ಲ. ಆದ್ರೆ ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಮನೆಯವರೇ ಅನುಮಾನದಿಂದ ನೋಡೋದಿದೆಯಲ್ಲ, ಅದು ಮ್ಯೂಸಿಕ್ ಇಲ್ದೆ, ಬರೀ ಕಾದಂಬರಿ ಬರೆದ ತ್ರಿವೇಣಿ ಮಾತಲ್ಲಿ ಜಾಸ್ತಿ ಚುಚ್ಚುತ್ತೆ. ಪಾಪ ಅವರು 1963ರಲ್ಲೇ ತೀರ್ಕೊಂಡ್ರು, ಸಿನಿಮಾ ನೋಡ್ಲೇ ಇಲ್ಲ. ನನ್ನ ಓಟು ಪುಸ್ತಕಕ್ಕೆ, ಅರ್ಧ ಮಾರ್ಕ್ ಮುಂದೆ.

ಪ್ರ: ನಕ್ಕು ನಕ್ಕು ಸಾಕಾದ ವಿಚಿತ್ರ ಸುದ್ದಿ ಒಂದು ಹೇಳಿ.

ಉ: ಹಳೇದು, ಆದ್ರೂ ಹಳಸಿಲ್ಲ. 1911ರ ಆಗಸ್ಟಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್ಮಿಂದ ಮೋನಾಲಿಸಾ ಕಳುವಾಯ್ತು, ಕಳುವಾಗಿದ್ದು ಸೋಮವಾರ, ಗೊತ್ತಾಗಿದ್ದು ಮಂಗಳವಾರ, ಯಾಕಂದ್ರೆ ಫೋಟೋ ತೆಗ್ಯೋಕೆ ಒಯ್ದಿರ್ಬೇಕು ಅಂತ ಕಾವಲಿನವರು ಆರಾಮಾಗಿದ್ರು. ಆಮೇಲೆ ಮ್ಯೂಸಿಯಂ ಬಾಗಿಲು ತೆಗೆದ್ರೆ ಆ ಖಾಲಿ ಗೋಡೆ ನೋಡೋಕೇ ಜನ ಸಾಲುಗಟ್ಟಿ ನಿಂತ್ರು, ಅವರಲ್ಲಿ ಕತೆಗಾರ ಕಾಫ್ಕಾ ಕೂಡ ಒಬ್ಬ! ಕದ್ದವನು ಅಲ್ಲೇ ಹಿಂದೆ ಕೆಲ್ಸ ಮಾಡಿದ್ದ ಇಟಲಿಯವ, ಎರಡು ವರ್ಷಕ್ಕೂ ಜಾಸ್ತಿ ಕಾಲ ತನ್ನ ರೂಮಲ್ಲಿ ಟ್ರಂಕಿನೊಳಗೆ ಇಟ್ಕೊಂಡಿದ್ದು 1913ರಲ್ಲಿ ಫ್ಲಾರೆನ್ಸಲ್ಲಿ ಮಾರೋಕೆ ಹೋಗಿ ಸಿಕ್ಕಿಬಿದ್ದ. ನಂಗೆ ಕಳ್ಳನಿಗಿಂತ ಆ ಸಾಲಲ್ಲಿ ನಿಂತವರ ಮೇಲೇ ಪ್ರೀತಿ. ಓತಿ ಹಾರಿಹೋದ ಕಣಿವೇನ ನಾನೂ ಹಾಗೇ ನೋಡ್ತಾ ನಿಲ್ತೀನಲ್ಲ.

ಪ್ರ: ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ ಹರಾಜಾಯ್ತಂತೆ, ಕೊಂಡವನು ತಿಂದೇಬಿಟ್ನಂತೆ?

ಉ: ತಿಂದಿದ್ದು ಹಣ್ಣು, ಕೊಂಡಿದ್ದು ಇದು ಕಲಾಕೃತಿ ಅನ್ನೋ ಸರ್ಟಿಫಿಕೇಟು. ಕೊಳೆತ್ರೆ ಬೇರೆ ಹಣ್ಣು ಅಂಟಿಸ್ಬೋದು ಅಂತ ಹೇಳೇ ಕೊಟ್ಟಿರ್ತಾರೆ.

ಪ್ರ: ಕಪ್ಪೆ ಹಾರಿಸಿದ್ದಕ್ಕೆ ಒಬ್ಬ ವಿಜ್ಞಾನಿಗೆ ನೊಬೆಲ್ ಬಂತು ಅಂತ ಫ್ರೆಂಡ್ ಹೇಳ್ತಾನೆ. ಬುರುಡೆ ತಾನೇ?

ಉ: ಅರ್ಧ ಬುರುಡೆ. ಆಂದ್ರೆ ಗೈಮ್ ಅನ್ನೋ ಭೌತವಿಜ್ಞಾನಿ ಭಾರೀ ಮ್ಯಾಗ್ನೆಟ್ ಒಳಗೆ ಜೀವಂತ ಕಪ್ಪೇನ ಗಾಳೀಲಿ ತೇಲಿಸಿದ್ದು ಸತ್ಯ, ಮೈಯೊಳಗಿನ ನೀರನ್ನ ಮ್ಯಾಗ್ನೆಟ್ ಒಂಚೂರು ದೂರ ತಳ್ಳುತ್ತೆ, ಅಷ್ಟೇ ಗುಟ್ಟು. ಅದಕ್ಕೆ 2000ದಲ್ಲಿ ಸಿಕ್ಕಿದ್ದು ನಗಿಸೋ ಸಂಶೋಧನೆಗೆ ಕೊಡೋ ಇಗ್ ನೊಬೆಲ್. ಅಸಲಿ ನೊಬೆಲ್ ಬಂದಿದ್ದು 2010ರಲ್ಲಿ, ಗ್ರಾಫೀನ್‌ಗೆ, ಅಂದ್ರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗೆ. ಅದನ್ನ ಹೇಗೆ ತೆಗೆದ್ರು ಅಂದ್ರೆ, ಪೆನ್ಸಿಲಲ್ಲಿ ಇರುತ್ತಲ್ಲ ಗ್ರಾಫೈಟು, ಅದಕ್ಕೆ ಟೇಪ್ ಅಂಟಿಸಿ ಕಿತ್ತು! ಬಾಳೆಹಣ್ಣಿಗೂ ಟೇಪು, ನೊಬೆಲ್‌ಗೂ ಟೇಪು, ನಮ್ಮನೇಲಿ ಮಾತ್ರ ಟೇಪಿನ ತುದಿ ಎಲ್ಲಿದೆ ಅಂತ್ಲೇ ಸಿಗಲ್ಲ.

ಪ್ರ: ಓದಿದ್ದೆಲ್ಲಾ ಮರ್ತುಹೋಗುತ್ತೆ ಸಾರ್, ಏನ್ಮಾಡ್ಲಿ?

ಉ: ಪತ್ತೇದಾರಿ ಕಾದಂಬರಿ ತಗೊಳ್ಳಿ. ಒಂದೇ ಪುಸ್ತಕ ಹತ್ತು ಸಲ ಆಗುತ್ತೆ, ಪ್ರತೀ ಸಲಾನೂ ಕೊಲೆಗಾರ ಹೊಸಬ.