‘ಊರಿಗೆ ಹೋಗಿ ಬಾ’ ಅಂದರೆ ಹೋಗಲಾ ಎಂದು ಕೇಳಿದವರಿಗೆ

ನೀವು ಕೇಳಿದ್ದು ಇಷ್ಟು: ಎಚ್-4 ವೀಸಾದಲ್ಲಿ (ಅಮೆರಿಕದ ಕೆಲಸದ ವೀಸಾ ಎಚ್-1ಬಿ ಇರುವವರ ಸಂಗಾತಿಗೆ ಸಿಗುವುದು) ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ವರ್ಷ ಆಗಿದೆ. ಗಂಡ ಈಗ ಡಿವೋರ್ಸ್ ಮಾತೆತ್ತಿದ್ದಾರೆ. ‘ನಿನ್ನ ವೀಸಾ ನನ್ನ ಕೈಯಲ್ಲಿದೆ, ಸ್ವಲ್ಪ ದಿನ ಊರಿಗೆ ಹೋಗಿ ಬಾ’ ಅನ್ನುತ್ತಿದ್ದಾರೆ. ಹೋಗಬೇಕಾ, ಬೇಡವಾ?

ವಕೀಲರನ್ನು ಕಾಣುವ ತನಕ ಹೋಗಬೇಡಿ. ಈ ‘ಹೋಗಿ ಬಾ’ ಕಥೆಗಳನ್ನು ನಾನು ಇಲ್ಲಿ ಸಾಕಷ್ಟು ಕೇಳಿದ್ದೇನೆ. ಹೆಂಡತಿ ತವರಿನಲ್ಲಿರುವಾಗ ಇಲ್ಲಿ ಕೇಸ್ ಬೀಳುತ್ತದೆ. ಸಮನ್ಸ್ ಕೈಸೇರಿದ ಮೇಲೆ ಉತ್ತರ ಕೊಡಲು 30 ದಿನ ಅಷ್ಟೇ. ಕೊಡದಿದ್ದರೆ ನೀವಿಲ್ಲದೆಯೇ ತೀರ್ಪು ಆಗಬಹುದು. ಅಷ್ಟರಲ್ಲಿ ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ವಾಪಸ್ ಬರಲು ಮತ್ತೆ ಗಂಡನ ಕಾಗದಗಳೇ ಬೇಕು.

ಹಾಗಂತ ‘ನಾನು ಸಹಿ ಹಾಕಲ್ಲ’ ಎಂದು ಕೂತರೆ ಕೇಸ್ ನಿಲ್ಲುತ್ತದೆ ಅಂದುಕೊಳ್ಳಬೇಡಿ. 1970ರಿಂದ ಈ ರಾಜ್ಯದಲ್ಲಿ ಯಾರ ತಪ್ಪನ್ನೂ ತೋರಿಸದೆ ಡಿವೋರ್ಸ್ ಕೇಳಬಹುದು, ಒಬ್ಬರು ಕೇಳಿದರೆ ಸಾಕು. ನೀವೂ ಕೇಳಬಹುದು. ರಾಜ್ಯದಲ್ಲಿ 6 ತಿಂಗಳು, ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) 3 ತಿಂಗಳು ವಾಸವಿದ್ದರೆ ಆಯಿತು. ನಿಮ್ಮ ವೀಸಾ ಯಾವುದು ಅಂತ ಆ ಕೋರ್ಟ್ ನೋಡುವುದಿಲ್ಲ.

ವೀಸಾ ಅವರ ಕೈಯಲ್ಲಿದೆ ಅನ್ನುವುದು ಅರ್ಧ ನಿಜ. ಅವರ ಎಚ್-1ಬಿ ಇರುವಷ್ಟು ದಿನ, ಕೇಸ್ ಹಾಕಿದ ಮಾತ್ರಕ್ಕೆ ನಿಮ್ಮ ಎಚ್-4 ಹೋಗುವುದಿಲ್ಲ. ಡಿವೋರ್ಸ್ ಅಂತಿಮವಾದ ದಿನ ಹೋಗುತ್ತದೆ. ಸಮನ್ಸ್ ತಲುಪಿ ಕನಿಷ್ಠ 6 ತಿಂಗಳಾಗದೆ ಆ ದಿನ ಬರುವುದಿಲ್ಲ. ಓದುವ ಮನಸ್ಸಿದ್ದರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳುವ ಅರ್ಜಿ ಅಷ್ಟರೊಳಗೆ ಹೋಗಿರಲಿ. ಕೆಲಸ ಕಳೆದುಕೊಂಡ ಎಚ್-1ಬಿಯವರಿಗೆ ಇಲ್ಲಿ ಉಳಿಯಲು ಸಿಗುವ 60 ದಿನಗಳ ರಿಯಾಯಿತಿ ಡಿವೋರ್ಸ್‌ಗೆ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಮದುವೆಯಾದ ಮೇಲೆ ಇಲ್ಲಿ ದುಡಿದದ್ದರಲ್ಲಿ ಸಾಮಾನ್ಯವಾಗಿ ಅರ್ಧ ನಿಮ್ಮದು. ಖಾತೆ ಅವರೊಬ್ಬರ ಹೆಸರಲ್ಲಿದ್ದರೂ ಅಷ್ಟೇ. ಕೇಸ್ ನಡೆಯುವಾಗಲೇ ಜೀವನಾಂಶ ಕೇಳಬಹುದು, ವಕೀಲರ ಫೀಸನ್ನೂ ಅವರಿಂದ ಕೊಡಿಸಿ ಎಂದು ಕೇಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಹೊಡೆತ, ಬೆದರಿಕೆ ಇದೆಯಾ? ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ತಕ್ಷಣದ ಅಪಾಯವಿದ್ದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ದೌರ್ಜನ್ಯಕ್ಕೆ ಒಳಗಾದ ಎಚ್-4 ಹೆಂಡತಿ ಗಂಡನ ನೆರವಿಲ್ಲದೆ ವರ್ಕ್ ಪರ್ಮಿಟ್ ಕೇಳಲು ಕಾನೂನಿನಲ್ಲಿ ದಾರಿ ಇದೆ. ‘ವಾವಾ’ (VAWA, ದೌರ್ಜನ್ಯಕ್ಕೆ ಒಳಗಾದವರು ತಾವೇ ಗ್ರೀನ್ ಕಾರ್ಡ್ ಕೇಳುವ ಅರ್ಜಿ) ಹಾಕು ಎಂದು ಯಾರಾದರೂ ಸುಲಭವಾಗಿ ಹೇಳಿದರೆ ನಂಬಬೇಡಿ, ಅದು ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ನವನಾದರೆ ಮಾತ್ರ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿದ್ದರೆ ‘ಮೈತ್ರಿ’ಗೆ ಫೋನ್ ಮಾಡಿ. ದಕ್ಷಿಣ ಏಷ್ಯಾದ ಕುಟುಂಬಗಳಿಗೆಂದೇ 1991ರಿಂದ ಇರುವ ಸಂಸ್ಥೆ.

ಇಲ್ಲಿಯ ತೀರ್ಪು ಊರಿನಲ್ಲಿ ತಾನಾಗಿ ನಡೆಯುವುದಿಲ್ಲ. ಹೆಂಡತಿ ಒಪ್ಪದೆ, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಆದ ವಿದೇಶಿ ಡಿವೋರ್ಸನ್ನು ಭಾರತದ ಸುಪ್ರೀಂ ಕೋರ್ಟ್ 1991ರಲ್ಲೇ ಒಪ್ಪಿಲ್ಲ. ಸಹಿಯನ್ನು ಒಪ್ಪಿಗೆ ಎಂದು ಹೇಳಬಹುದು, ಹಾಗಾಗಿ ಗಂಡ ಕೊಟ್ಟ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ.

ಇವತ್ತೇ ಮಾಡಬೇಕಾದ್ದು: ಪಾಸ್‌ಪೋರ್ಟ್, ಐ-94 (ದೇಶಕ್ಕೆ ಬಂದ ದಾಖಲೆ), ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ), ಟ್ಯಾಕ್ಸ್ ರಿಟರ್ನ್, ಗಂಡನ ಪೇ ಸ್ಟಬ್ (ಸಂಬಳದ ಚೀಟಿ) ಎಲ್ಲದರ ಫೋಟೋ ತೆಗೆದು ಹೊಸ ಈಮೇಲ್‌ಗೆ ಹಾಕಿ. ಫ್ಯಾಮಿಲಿ ಪ್ಲಾನ್ ಫೋನಾದರೆ ನೀವು ಯಾರಿಗೆ ಕರೆ ಮಾಡಿದಿರಿ ಎಂದು ಬಿಲ್ಲಿನಲ್ಲಿ ಕಾಣಬಹುದು, ವಕೀಲರಿಗೆ ಬೇರೆ ಫೋನಿನಿಂದ ಮಾಡಿ. ಡಿವೋರ್ಸ್‌ಗೆ ಒಬ್ಬರು, ವೀಸಾಕ್ಕೆ ಇನ್ನೊಬ್ಬರು, ಇಬ್ಬರನ್ನೂ ಕೇಳಿ.