ಕೆರೆಯ ಬಣ್ಣದ ಪೊರೆ, ಮೀಟರಿನ ಸುಳ್ಳು ಸಮಾಧಾನ

ಶಿರಸಿ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: ‘ಅಡಿಕೆ ತೋಟದ ಕೆಳಗಿನ ಕೆರೆಯಲ್ಲಿ ಎಣ್ಣೆಯಂಥ ಪೊರೆ ಕಟ್ಟಿದೆ. ಹತ್ತಿರದಲ್ಲೇ ಕುಡಿಯುವ ನೀರಿನ ಬಾವಿ. ಟಿಡಿಎಸ್ ಮೀಟರ್ 45 ತೋರಿಸುತ್ತದೆ. ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಕುದಿಸಿ ಕುಡಿಯುತ್ತೇವೆ. ಸಾಲದೇ?’

ಸಂಪಾದಕರ ಉತ್ತರ: ಪೊರೆಯನ್ನು ಕೋಲಿನಿಂದ ಕದಡಿ ನೋಡಿ. ಗಾಜಿನ ಚೂರಿನಂತೆ ಒಡೆದು ಹಾಗೇ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಕಬ್ಬಿಣದ ಅಂಶ ಹೆಚ್ಚಿರುವ ನಮ್ಮ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ನೆಲದಲ್ಲಿ ಅದು ಮಾಮೂಲು, ಹೆದರಬೇಕಿಲ್ಲ. ಒಡೆದದ್ದು ಸುತ್ತಿಕೊಂಡು ಮತ್ತೆ ಕೂಡಿದರೆ ಡೀಸೆಲ್ಲೋ ಗ್ರೀಸೋ ಇದೆ. ಪಂಪ್‌ಸೆಟ್ ಹತ್ತಿರ ಹುಡುಕಿ.

ಪೊರೆಗಿಂತ ಚಿಂತಿಸಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ. ಬೇರುಹುಳಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸುರಿಯುವುದೇ ಮಳೆ ಹಿಡಿಯುವ ಹೊತ್ತಿಗೆ. ಮಣ್ಣಿಗೆ ಅಂಟಿದ ಔಷಧಿ ಮಣ್ಣಿನ ಜೊತೆಗೇ ಕೆರೆಗೆ ಇಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಕೆರೆಯಂಚಲ್ಲಿ ಸ್ಪ್ರೇಯರ್ ತೊಳೆಯುವ ಚಾಳಿ. ಲೆಕ್ಕ ಹಾಕೋಣ. ಡಬ್ಬಿಯ ಮೇಲೆ ‘20 ಇಸಿ’ (ಶೇ 20ರ ಸಾಂದ್ರ ದ್ರಾವಣ) ಎಂದಿರುವ ಔಷಧಿಯ 1 ಮಿ.ಲೀ.ಯಲ್ಲಿ ಸುಮಾರು 200 ಮಿ.ಗ್ರಾಂ ವಿಷವಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ (ಐಎಸ್ 10500:2012) ಒಪ್ಪುವುದು ಲೀಟರಿಗೆ 30 ಮೈಕ್ರೋಗ್ರಾಂ. ಹತ್ತು ಮೀಟರ್ ಉದ್ದ, ಹತ್ತು ಅಗಲ, ಒಂದು ಮೀಟರ್ ಆಳದ ಕೆರೆಯಲ್ಲಿ ಒಂದು ಲಕ್ಷ ಲೀಟರ್ ನೀರು. ಅದು ಆ ಮಿತಿ ಮುಟ್ಟಲು ಡಬ್ಬಿಯ ತಳದ 15 ಮಿ.ಲೀ. ಸಾಕು! ಅದಕ್ಕೂ ಬಹಳ ಮೊದಲೇ ಸೀಗಡಿ, ನೀರುಹುಳ ಸಾಯುತ್ತವೆ. ಮನುಷ್ಯರಿಗೆ ಇದು ನರಗಳ ವಿಷ. ಬೆಳೆಯುವ ಮಿದುಳಿಗೆ, ಅಂದರೆ ಬಸುರಿಯರಿಗೂ ಎಳೆಮಕ್ಕಳಿಗೂ, ಹೆಚ್ಚು ಅಪಾಯ.

ಇನ್ನೊಂದು ನಮ್ಮ ಕಡೆಯದೇ: ಅಡಿಕೆ ಬೇಯಿಸಿದ ಚೊಗರು. ಕೆರೆಗೆ ಬಿಟ್ಟರೆ ಕೊಳೆಯುತ್ತಾ ಆಮ್ಲಜನಕ ತಿಂದುಹಾಕುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಇದನ್ನು ಶಂಕಿಸಿ. ಮೀನು ಚೆನ್ನಾಗಿದ್ದು ಸೀಗಡಿ ಮಾತ್ರ ಸತ್ತಿದ್ದರೆ ಕೀಟನಾಶಕದ ಗುಮಾನಿ.

ಈಗ ನಿಮ್ಮ ಮೂರು ಉಪಾಯಗಳು. ಟಿಡಿಎಸ್ ಮೀಟರ್ ಅಳೆಯುವುದು ಲವಣವನ್ನು. ಮಲೆನಾಡಿನ ನೀರಲ್ಲಿ ಅದು ಹೇಗೂ ಕಡಿಮೆ. ಕೀಟನಾಶಕ ಅದಕ್ಕೆ ಗೊತ್ತೇ ಆಗದು. ಕುದಿಸಿದರೆ ರೋಗಾಣು ಸಾಯುತ್ತವೆ, ಔಷಧಿ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕ್ಲೋರ್‌ಪೈರಿಫಾಸನ್ನು ಅದಕ್ಕಿಂತ ವಿಷಕಾರಿಯಾದ ಆಕ್ಸಾನ್ ರೂಪಕ್ಕೆ ತಿರುಗಿಸುತ್ತದೆ. ಚೊಗರು, ಕೊಳೆತ ಸೊಪ್ಪಿನ ಜೊತೆ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ರಾಸಾಯನಿಕಗಳನ್ನು ಮಾಡುತ್ತದೆ. ಹಾಗೆಂದು ರೋಗಾಣು ಕೊಲ್ಲುವುದನ್ನು ಬಿಡಬೇಡಿ. ನೀರನ್ನು ತಿಳಿಯಾಗಿಸಿ, ಇದ್ದಿಲ (ಆಕ್ಟಿವೇಟೆಡ್ ಕಾರ್ಬನ್) ಫಿಲ್ಟರಿನಲ್ಲಿ ನಿಧಾನವಾಗಿ ಹಾಯಿಸಿ, ಆಮೇಲೆ ಕುದಿಸಿ. ಕ್ಲೋರ್‌ಪೈರಿಫಾಸ್ ಇದ್ದಿಲಿಗೆ ಚೆನ್ನಾಗಿ ಅಂಟುತ್ತದೆ, ಕಳೆನಾಶಕ ಗ್ಲೈಫೋಸೇಟ್ ಅಷ್ಟಾಗಿ ಅಂಟದು. ಫಿಲ್ಟರ್ ತುಂಬಿದರೆ ಹೊರಗೆ ಗುರುತೇ ಇಲ್ಲ, ಹಾಗಾಗಿ ಕಂಪನಿ ಹೇಳಿದ ಅವಧಿಗೇ ಬದಲಿಸಿ.

ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್‌ನಲ್ಲಿ ಕೀಟನಾಶಕ ಪತ್ತೆಯಾಗದು. ಅದರ ಉಳಿಕೆ ಅಳೆಯಲು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿರುವ ಲ್ಯಾಬ್ ಬೇಕು. ಒಂದು ಲೀಟರಿನ ಕಂದು ಗಾಜಿನ ಬಾಟಲಿಯನ್ನು ಅವರಿಂದಲೇ ಪಡೆಯಿರಿ. ಪ್ಲಾಸ್ಟಿಕ್ಕಿನ ಗೋಡೆಗೆ ಔಷಧಿ ಅಂಟಿ ಫಲಿತಾಂಶ ಕಡಿಮೆ ಬರುತ್ತದೆ. ಔಷಧಿ ಹಾಕಿದ ನಂತರದ ಮೊದಲ ದೊಡ್ಡ ಮಳೆಯಾದ ಮೇಲೆ, ದಡ ಬಿಟ್ಟು, ಒಂದಡಿ ಆಳದ ನೀರು ತುಂಬಿ. ಬಾವಿಯದೂ ಒಂದು ಬಾಟಲಿ ಇರಲಿ: ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ಸೋಸದೆ ಹರಿದುಬಿಡುತ್ತದೆ. ಐಸ್‌ನಲ್ಲಿಟ್ಟು ಬೇಗ ಮುಟ್ಟಿಸಿ. ಹಾಕಿದ ಔಷಧಿಯ ಹೆಸರು ಬರೆದುಕೊಡಿ. ಯಾವುದನ್ನು ಹುಡುಕಬೇಕೆಂದು ತಿಳಿಯದಿದ್ದರೆ ‘ಪತ್ತೆಯಾಗಿಲ್ಲ’ ಎಂಬ ವರದಿಗೆ ಬೆಲೆಯಿಲ್ಲ.

ಡಬ್ಬಿ, ಸ್ಪ್ರೇಯರ್ ಮೂರು ಸಲ ತೊಳೆದ ನೀರನ್ನು ಔಷಧಿ ಹಾಕಿದ ತೋಟಕ್ಕೇ, ಕೆರೆಯಿಂದ ದೂರದ ಕಡೆ ಸಿಂಪಡಿಸಿಬಿಡಿ. ವರದಿ ಬರುವ ತನಕ ತೋಟಕ್ಕಿಂತ ಮೇಲಿಂದ ಬರುವ ಅಬ್ಬಿ (ಝರಿ) ನೀರು ಸಿಕ್ಕರೆ ಅದನ್ನೇ ಕುದಿಸಿ ಕುಡಿಯಿರಿ.